ಮಾಕ್ ಟೆಸ್ಟ್ ಮುಗಿದ ಮೇಲೆ

ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದ ಗಲ್ಲಿಗಳಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಟೀ ಅಂಗಡಿ ಮುಂದೆ ಸೇರಿದರೆ ಮಾತು ಬೇಗನೆ ಟೆಸ್ಟ್ ಸೀರೀಸಿಗೆ ತಿರುಗುತ್ತದೆ. ಯಾರದು ತಗೊಂಡೆ, ಎಷ್ಟು ಬಂತು, ರ‍್ಯಾಂಕ್ ಎಷ್ಟು. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್, ಬ್ಯಾಂಕು, ರೈಲ್ವೆ, ಯಾವುದಕ್ಕೇ ಆಗಲಿ ಆನ್‌ಲೈನ್ ಮಾಕ್ ಟೆಸ್ಟ್ ಇದೆ. ಪಿಯುಸಿ ಮಕ್ಕಳಿಗೆ ಸಿಇಟಿ, ನೀಟ್, ಜೆಇಇಗಳದ್ದು ಇನ್ನೂ ದೊಡ್ಡ ಸಂತೆ. ಕೆಲವು ಉಚಿತ, ಕೆಲವಕ್ಕೆ ದುಡ್ಡು, ಇನ್ನು ಕೆಲವು ಟೆಲಿಗ್ರಾಂ ಗುಂಪುಗಳಲ್ಲಿ ಯಾರೋ ಕದ್ದು ಹಂಚಿದ ಪಿಡಿಎಫ್‌ಗಳು. ಟೆಸ್ಟ್ ಬರೆಯಲು ಸಿಗುವುದಿಲ್ಲ ಎಂಬ ಕೊರತೆ ಈಗ ಯಾರಿಗೂ ಇಲ್ಲ. ಆದರೂ ವರ್ಷಗಟ್ಟಲೆ ಟೆಸ್ಟ್ ಬರೆದವರ ಅಂಕ ಒಂದೇ ಕಡೆ ನಿಂತುಬಿಡುವುದನ್ನು ಈ ಊರುಗಳಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗಾದರೆ ಈ ಟೆಸ್ಟುಗಳಿಂದ ಉಪಯೋಗ ಇದೆಯೇ, ಇದ್ದರೆ ಅದು ಎಲ್ಲಿ ಸೋರಿಹೋಗುತ್ತಿದೆ?

ಉಪಯೋಗ ಇದೆ ಎನ್ನುವುದರಲ್ಲಿ ಅನುಮಾನವಿಲ್ಲ. ಕಲಿಕೆಯ ಮನೋವಿಜ್ಞಾನದಲ್ಲಿ ಇಷ್ಟು ಗಟ್ಟಿಯಾಗಿ, ಇಷ್ಟು ಬಾರಿ ಸಾಬೀತಾದ ಸಂಗತಿಗಳು ಬಹಳ ಕಡಿಮೆ. 1939ರಲ್ಲೇ ಅಮೆರಿಕದ ಅಯೋವಾ ರಾಜ್ಯದಲ್ಲಿ ಹರ್ಬರ್ಟ್ ಸ್ಪಿಟ್ಜರ್ ಎಂಬಾತ ಆರನೇ ತರಗತಿಯ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಓದಿದ ಕೂಡಲೇ ಪ್ರಶ್ನೆಗಳಿಗೆ ಉತ್ತರಿಸಿದ ಮಕ್ಕಳು ಓದಿದ್ದನ್ನು ಹೆಚ್ಚು ಕಾಲ ಉಳಿಸಿಕೊಂಡಿದ್ದರು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಮಾಡಿದ ಪ್ರಯೋಗ ಇವತ್ತಿಗೂ ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಪುಟ್ಟ ಗದ್ಯಭಾಗ ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಕಡಲ ನೀರುನಾಯಿಗಳ ಬಗ್ಗೆ. ಒಂದನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ಪಠ್ಯ ಮುಚ್ಚಿ, ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದಿತ್ತು: ಶೇ. 81ಕ್ಕೆ 75. ವಾರ ಕಳೆದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಎರಡು ಸಲ ಓದಿದ್ದು ಶೇ. 42ರಷ್ಟು ಉಳಿದಿತ್ತು, ನೆನೆದು ಬರೆದದ್ದು ಶೇ. 56ರಷ್ಟು. ಅದೂ ಉತ್ತರ ಸರಿಯೋ ತಪ್ಪೋ ಎಂದು ಯಾರೂ ಹೇಳದೆಯೇ.

ಇದೇ ಪ್ರಬಂಧದ ಎರಡನೇ ಪ್ರಯೋಗದಲ್ಲಿ ಬಂದ ಇನ್ನೊಂದು ಅಂಶ ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯ. ಮತ್ತೆ ಮತ್ತೆ ಓದಿದವರಿಗೆ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಹೆಚ್ಚಿತ್ತು. ಬರೆದು ಕಷ್ಟಪಟ್ಟವರಿಗೆ ಕಡಿಮೆ ಇತ್ತು. ಆದದ್ದು ಅದರ ವಿರುದ್ಧ. ಹಳದಿ ಮಾರ್ಕರ್ ಎಳೆದ ಪುಟವನ್ನು ಮೂರನೇ ಸಲ ಓದುವಾಗ ಸಿಗುವ ಹಿತ ಪರಿಚಯದ ಹಿತವಷ್ಟೇ. ಮುಖ ಗುರುತು ಸಿಕ್ಕಿತು ಎಂದರೆ ಹೆಸರು ನೆನಪಾಯಿತು ಎಂದಲ್ಲವಲ್ಲ. 2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದಿನ ವಿಧಾನಗಳನ್ನು ತೂಗಿ ನೋಡಿದಾಗ ಅತಿ ಹೆಚ್ಚು ಉಪಯುಕ್ತ ಎಂಬ ಮಾತು ಸಂದದ್ದು ಎರಡಕ್ಕೆ ಮಾತ್ರ: ಸ್ವಪರೀಕ್ಷೆ, ಮತ್ತು ಓದನ್ನು ದಿನಗಳಿಗೆ ಹಂಚಿ ಬಿಡುವು ಕೊಟ್ಟು ಓದುವುದು. ಅಡಿಗೆರೆ ಎಳೆಯುವುದು, ಮರು ಓದು, ಎರಡೂ ಕೆಳಗಿನ ಸಾಲಿಗೆ ಹೋದವು. ನಮ್ಮ ಅಜ್ಜಂದಿರ ಕಾಲದ ಶಾಲೆಯಲ್ಲಿ ಸಂಜೆ ಹೊತ್ತು ಮಗ್ಗಿ ಒಪ್ಪಿಸದೆ ಮನೆಗೆ ಬಿಡುತ್ತಿರಲಿಲ್ಲ. ಮೇಷ್ಟ್ರ ಬೆತ್ತವನ್ನು ಪಕ್ಕಕ್ಕಿಟ್ಟು ನೋಡಿದರೆ, ಪುಸ್ತಕ ಮುಚ್ಚಿ ನೆನಪಿನಿಂದ ತೆಗೆಯುವ ಆ ಪದ್ಧತಿ ಕೆಲಸ ಮಾಡುತ್ತಿದ್ದದ್ದು ಇದೇ ಕಾರಣಕ್ಕೆ.

ಹೀಗಿದ್ದೂ ಟೆಸ್ಟ್ ಸೋಲುವುದೇಕೆ? ನನಗೆ ಕಾಣುವಂತೆ, ಒಂದೇ ಹೆಸರಿನಡಿ ನಾವು ಮೂರು ಬೇರೆ ಬೇರೆ ಕೆಲಸಗಳನ್ನು ಮಾಡುತ್ತಿದ್ದೇವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ನೆನಪು ಗಟ್ಟಿ ಮಾಡಿಕೊಳ್ಳಲು ಬೇಕಿರುವುದು ಚಿಕ್ಕ ಟೆಸ್ಟ್: ಹದಿನೈದಿಪ್ಪತ್ತು ಪ್ರಶ್ನೆ, ಗಡಿಯಾರದ ಒತ್ತಡವಿಲ್ಲ, ತಕ್ಷಣ ಸರಿಯುತ್ತರ, ನಾಲ್ಕು ದಿನ ಬಿಟ್ಟು ಮತ್ತೆ ಅದೇ ಪಾಠದ ಮೇಲೆ. ಪರೀಕ್ಷೆಯ ದಿನಕ್ಕೆ ಮೈ ಮನಸ್ಸು ಪಳಗಿಸಲು ಬೇಕಿರುವುದು ಪೂರ್ಣಾವಧಿ ಟೆಸ್ಟ್, ನಿಜವಾದ ಪರೀಕ್ಷೆ ನಡೆಯುವ ಹೊತ್ತಿಗೇ, ನಡುವೆ ಏಳದೆ. ಇನ್ನು ನಾನು ಎಲ್ಲಿದ್ದೇನೆ ಎಂದು ಅಳೆದು ನೋಡಲು ಬೇಕಿರುವುದು ಹಿಂದೆಂದೂ ಕಾಣದ, ನಿಜವಾದ ಪರೀಕ್ಷೆಯಷ್ಟೇ ಕಷ್ಟದ ಪ್ರಶ್ನೆಪತ್ರಿಕೆ. ಅಂಥದ್ದು ತಿಂಗಳಿಗೊಂದು ಸಾಕು. ಆ್ಯಪ್‌ಗಳು ಮಾರುವುದು ಹೆಚ್ಚಾಗಿ ಮೂರನೆಯದನ್ನು. ಅಂಕ, ರ‍್ಯಾಂಕ್, ಪರ್ಸೆಂಟೈಲ್, ನಿನ್ನ ಗೆಳೆಯ ನಿನಗಿಂತ ಮುಂದಿದ್ದಾನೆ ಎಂಬ ಸೂಚನೆ. ಕೊಂಡವರು ಅದನ್ನು ಮೊದಲನೆಯದೆಂದು ಭಾವಿಸಿ ದಿನಕ್ಕೊಂದು ಬರೆಯುತ್ತಾರೆ. ದಿನಾ ತಕ್ಕಡಿ ಏರಿದರೆ ತೂಕ ಇಳಿಯುವುದಿಲ್ಲ.

ಹಾಗಾಗಿ ಟೆಸ್ಟಿನ ಮುಖ್ಯ ಭಾಗ ಸಬ್ಮಿಟ್ ಒತ್ತಿದ ಮೇಲೆ ಶುರುವಾಗುತ್ತದೆ. ಎರಡು ಗಂಟೆಯ ಟೆಸ್ಟ್ ಬರೆದವರು ಅದನ್ನು ಬಿಡಿಸಿ ನೋಡಲು ಕನಿಷ್ಠ ಅಷ್ಟೇ ಹೊತ್ತು ಕೊಡದಿದ್ದರೆ ಬರೆಯದಿರುವುದೇ ವಾಸಿ ಎನ್ನುವಷ್ಟು ದೂರ ನಾನು ಹೋಗುತ್ತೇನೆ. ಇದು ಉತ್ಪ್ರೇಕ್ಷೆಯಲ್ಲ, ಕಾರಣವಿದೆ. ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲಿ ಮೂರು ಸುಳ್ಳುಗಳಿರುತ್ತವೆ. ನಿಜದಂತೆ ಕಾಣಲೆಂದೇ ಬರೆದ ಸುಳ್ಳುಗಳು. ತಪ್ಪನ್ನು ಆರಿಸಿ ಮುಂದೆ ಹೋದವರ ತಲೆಯಲ್ಲಿ ಆ ಸುಳ್ಳೇ ಉಳಿಯಬಹುದು ಎಂದು ರೋಡಿಗರ್ ಮತ್ತು ಎಲಿಜಬೆತ್ ಮಾರ್ಷ್ 2005ರಲ್ಲಿ ತೋರಿಸಿದರು. ಸರಿಯುತ್ತರವನ್ನು ತಿಳಿಸಿಕೊಟ್ಟರೆ ಈ ಹಾನಿ ಬಹುಮಟ್ಟಿಗೆ ತಗ್ಗುತ್ತದೆ ಎಂದು 2008ರಲ್ಲಿ ಆಂಡ್ರೂ ಬಟ್ಲರ್ ಜೊತೆಗೂಡಿ ರೋಡಿಗರೇ ತೋರಿಸಿದರು. ಕೀ ಆನ್ಸರ್ ನೋಡದೆ ಬರೀ ಅಂಕ ನೋಡಿ ಫೋನ್ ಮುಚ್ಚುವ ಹುಡುಗ ಕಲಿಯುತ್ತಿಲ್ಲ ಎನ್ನುವುದಷ್ಟೇ ಅಲ್ಲ, ತಪ್ಪನ್ನು ಕಲಿಯುತ್ತಿರಬಹುದು.

ಬಿಡಿಸಿ ನೋಡುವುದು ಎಂದರೆ ತಪ್ಪಾದವುಗಳ ವಿವರಣೆ ಓದಿ ‘ಓಹೋ’ ಅನ್ನುವುದಲ್ಲ. ತಪ್ಪಿಗೂ ಜಾತಿಗಳಿವೆ. ಆ ವಿಷಯವನ್ನೇ ಓದಿರಲಿಲ್ಲ; ಓದಿದ್ದರೂ ಹೊಳೆಯಲಿಲ್ಲ; ಗೊತ್ತಿತ್ತು, ಆದರೆ ‘ಸರಿಯಲ್ಲದ ಹೇಳಿಕೆ ಯಾವುದು’ ಎಂಬುದನ್ನು ‘ಸರಿಯಾದ’ ಎಂದು ಓದಿಕೊಂಡೆ; ಲೆಕ್ಕದ ನಡುವೆ ಚಿಹ್ನೆ ಬಿಟ್ಟೆ; ಹೊತ್ತು ಸಾಲಲಿಲ್ಲ. ಪ್ರತಿಯೊಂದಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಪಠ್ಯಪುಸ್ತಕ, ಎರಡನೆಯದಕ್ಕೆ ಮತ್ತೆ ಮತ್ತೆ ಚಿಕ್ಕ ಟೆಸ್ಟ್, ಮೂರನೆಯದಕ್ಕೆ ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದುವ ಅಭ್ಯಾಸ. ಇದನ್ನೆಲ್ಲ ‘ಸಿಲ್ಲಿ ಮಿಸ್ಟೇಕು’ ಎಂಬ ಒಂದೇ ಡಬ್ಬಿಗೆ ತುಂಬಿಸಿ ಮುಂದೆ ಹೋಗುವವರೇ ಹೆಚ್ಚು. ಒಂದೇ ಥರದ ಸಿಲ್ಲಿ ಮಿಸ್ಟೇಕು ಐದು ಟೆಸ್ಟಿನಲ್ಲಿ ಬಂದರೆ ಅದು ಸಿಲ್ಲಿಯಲ್ಲ, ರೂಢಿ.

ಯಾರೂ ತಿರುಗಿ ನೋಡದ ಇನ್ನೊಂದು ಗುಂಪಿದೆ: ಸರಿಯಾದ ಉತ್ತರಗಳು. ಅವುಗಳಲ್ಲಿ ಎಷ್ಟು ಗೊತ್ತಿದ್ದು ಸರಿಯಾದವು, ಎಷ್ಟು ಅದೃಷ್ಟದಿಂದ? ಆ್ಯಪ್ ಎರಡಕ್ಕೂ ಹಸಿರು ಬಣ್ಣವನ್ನೇ ಬಳಿಯುತ್ತದೆ. ಟೆಸ್ಟ್ ಬರೆಯುವಾಗಲೇ ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಅನುಮಾನವಿದ್ದ ಪ್ರಶ್ನೆಯ ಸಂಖ್ಯೆಗೆ ಒಂದು ಚುಕ್ಕಿ ಇಟ್ಟರೆ ಸಾಕು, ಆಮೇಲೆ ನಾಲ್ಕು ರಾಶಿ ಬೀಳುತ್ತದೆ. ಖಾತ್ರಿಯಿದ್ದೂ ತಪ್ಪಾದವು ಇವುಗಳಲ್ಲಿ ಅತ್ಯಂತ ಬೆಲೆಯುಳ್ಳವು. 2001ರಲ್ಲಿ ಬ್ರಾಡಿ ಬಟರ್‌ಫೀಲ್ಡ್ ಮತ್ತು ಜೆನೆಟ್ ಮೆಟ್‌ಕಾಫ್ ಕಂಡುಕೊಂಡ ಪ್ರಕಾರ, ಬಲವಾದ ನಂಬಿಕೆಯಿಂದ ಕೊಟ್ಟ ತಪ್ಪುತ್ತರವನ್ನು ತಿದ್ದಿದರೆ ಆ ತಿದ್ದುಪಡಿ, ಅಳುಕುತ್ತ ಕೊಟ್ಟ ತಪ್ಪಿಗಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. ಬೆಚ್ಚಿಬಿದ್ದದ್ದು ಮರೆಯುವುದಿಲ್ಲ.

ಆಯ್ಕೆ ಪ್ರಶ್ನೆಗಳನ್ನು ಪೂರ್ತಿ ಹಿಂಡುವ ಇನ್ನೊಂದು ದಾರಿಯಿದೆ. ಸರಿಯುತ್ತರ ಯಾಕೆ ಸರಿ ಎನ್ನುವುದರ ಜೊತೆಗೆ ಉಳಿದ ಮೂರು ಯಾಕೆ ತಪ್ಪು, ಅವು ಯಾವ ಪ್ರಶ್ನೆಗೆ ಉತ್ತರವಾಗಬಲ್ಲವು ಎಂದು ಹೇಳಿಕೊಳ್ಳುವುದು. ಹಲ್ಮಿಡಿ ಶಾಸನದ ಪ್ರಶ್ನೆಗೆ ಬಾದಾಮಿ, ಶ್ರವಣಬೆಳಗೊಳ, ಐಹೊಳೆ ಆಯ್ಕೆಗಳಾಗಿ ಬಂದಿದ್ದರೆ ಅಲ್ಲಿ ಇನ್ನೂ ಮೂರು ಪ್ರಶ್ನೆ ಅಡಗಿವೆ. ರವಿಕೀರ್ತಿಯ ಐಹೊಳೆ ಶಾಸನ ಮುಂದಿನ ಪತ್ರಿಕೆಯಲ್ಲಿ ಬರಬಹುದು. ಆಯ್ಕೆಗಳು ನಂಬುವಂತಿದ್ದು ಬರೆಯುವವರು ಅವನ್ನು ತೂಗಿ ನೋಡಿದರೆ, ಕೇಳದ ಪ್ರಶ್ನೆಯ ನೆನಪೂ ಗಟ್ಟಿಯಾಗುತ್ತದೆ ಎಂದು ಜೆರಿ ಲಿಟಲ್ ಮತ್ತು ಬ್ಯೋರ್ಕ್ ದಂಪತಿಯ ತಂಡ 2012ರಲ್ಲಿ ತೋರಿಸಿದೆ. ಕಳಪೆ ಟೆಸ್ಟಿನಲ್ಲಿ ಇದು ಸಾಧ್ಯವಿಲ್ಲ; ಅಲ್ಲಿ ಒಂದು ಆಯ್ಕೆ ಸರಿ, ಮೂರು ತಮಾಷೆ.

ನೆಗೆಟಿವ್ ಮಾರ್ಕಿಂಗ್ ಬಗ್ಗೆ ಕೋಚಿಂಗ್ ಕೊಠಡಿಗಳಲ್ಲಿ ಭಯ ಹೆಚ್ಚು, ಲೆಕ್ಕ ಕಡಿಮೆ. ಲೆಕ್ಕ ಸುಲಭವೇ ಇದೆ. ನಾಲ್ಕು ಆಯ್ಕೆ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ ಇರುವ ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಐದು ಆಯ್ಕೆ, ಕಾಲು ಭಾಗ ಕಡಿತ ಇರುವ ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯಲ್ಲೂ ಹಾಗೆಯೇ ಸೊನ್ನೆ. ಕಾಲು ಭಾಗ ಕಡಿತದ ಕೆಎಎಸ್ ಪ್ರಿಲಿಮ್ಸ್‌ನಲ್ಲೂ, ಸರಿಗೆ 4, ತಪ್ಪಿಗೆ 1 ಕಡಿತವಿರುವ ನೀಟ್‌ನಲ್ಲೂ ಆಯ್ಕೆ ನಾಲ್ಕೇ ಆದ್ದರಿಂದ ಸರಾಸರಿ ತುಸು ಲಾಭದ ಕಡೆಗೇ ವಾಲುತ್ತದೆ. ಒಂದು ಆಯ್ಕೆಯನ್ನು ಖಂಡಿತ ತಪ್ಪು ಎಂದು ಹೊಡೆದುಹಾಕಬಲ್ಲವರಿಗೆ ಲಾಭ ಸ್ಪಷ್ಟ. ಸಿಇಟಿಯಲ್ಲಿ ಕಡಿತವೇ ಇಲ್ಲ, ಅಲ್ಲಿ ಖಾಲಿ ಬಿಟ್ಟ ಪ್ರತಿ ವೃತ್ತವೂ ಶುದ್ಧ ನಷ್ಟ. ಆದರೆ ಸರಾಸರಿ ಎನ್ನುವುದು ನೂರಾರು ಪ್ರಶ್ನೆಗಳ ಮೇಲಿನ ಮಾತು, ಮತ್ತು ‘ಹೊಡೆದುಹಾಕಿದೆ’ ಎಂದುಕೊಂಡ ಆಯ್ಕೆಯೇ ಸರಿಯುತ್ತರವಾಗಿರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ತಾನು ಅಂಥವನೋ ಅಲ್ಲವೋ ಎನ್ನುವುದನ್ನು ಹೇಳಬಲ್ಲದ್ದು ಮಾಕ್ ಟೆಸ್ಟ್ ಮಾತ್ರ. ಚುಕ್ಕಿ ಇಟ್ಟ ಪ್ರಶ್ನೆಗಳನ್ನಷ್ಟೇ ಐದಾರು ಟೆಸ್ಟುಗಳಿಂದ ಒಟ್ಟುಗೂಡಿಸಿ, ಗಳಿಸಿದ್ದರಿಂದ ಕಳೆದದ್ದನ್ನು ಕಳೆಯಿರಿ. ಉಳಿದದ್ದು ಹೆಚ್ಚಿದ್ದರೆ ಧೈರ್ಯ ಮಾಡಬಹುದು, ಕಡಿಮೆಯಿದ್ದರೆ ಕೈ ಕಟ್ಟಿಕೊಳ್ಳಬೇಕು. ಹಾಗೆಯೇ ‘ಮೊದಲು ಹೊಳೆದ ಉತ್ತರ ಬದಲಿಸಬೇಡ’ ಎಂಬ ಹಿರಿಯರ ಮಾತನ್ನೂ ತನ್ನದೇ ದಾಖಲೆಯ ಮೇಲೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಜಸ್ಟಿನ್ ಕ್ರೂಗರ್ ತಂಡ 2005ರಲ್ಲಿ ಅಳಿಸಿ ಬರೆದ ಉತ್ತರಗಳನ್ನು ಎಣಿಸಿದಾಗ ತಪ್ಪಿನಿಂದ ಸರಿಗೆ ಹೋದವೇ ಹೆಚ್ಚಿದ್ದವು. ಸರಿಯಿದ್ದದ್ದನ್ನು ಕೆಡಿಸಿಕೊಂಡದ್ದು ಮಾತ್ರ ಮನಸ್ಸನ್ನು ಕೊರೆಯುತ್ತದೆ, ಅದಕ್ಕೇ ಈ ಗಾದೆ ಬದುಕಿದೆ.

ಸಮಯದ ವಿಷಯಕ್ಕೆ ಬಂದರೆ ಒಂದೊಂದು ಪರೀಕ್ಷೆಯದೂ ಒಂದೊಂದು ನಾಡಿ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಕೆಎಎಸ್ ಪ್ರಿಲಿಮ್ಸ್‌ನಲ್ಲಿ 100ಕ್ಕೆ ಎರಡು ಗಂಟೆ, ಅಂದರೆ ಪ್ರಶ್ನೆಗೆ 72 ಸೆಕೆಂಡು. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಐಬಿಪಿಎಸ್ ಬ್ಯಾಂಕ್ ಪಿಒ ಪ್ರಿಲಿಮ್ಸ್‌ನ ರೀಸನಿಂಗ್ ವಿಭಾಗದಲ್ಲಿ 35 ಪ್ರಶ್ನೆಗೆ ಬರೀ 20 ನಿಮಿಷ. ಆ ವಿಭಾಗ ಮುಗಿದರೆ ಹಿಂದೆ ಹೋಗುವಂತಿಲ್ಲ. ಇಂಥ ಕಡೆ ಮೂರು ನಿಮಿಷ ಗುದ್ದಾಡಿ ಪಡೆದ ಸರಿಯುತ್ತರ ನಿಜಕ್ಕೂ ಸೋಲು, ಯಾಕೆಂದರೆ ಅದು ನಾಲ್ಕು ಸುಲಭ ಪ್ರಶ್ನೆಗಳನ್ನು ನುಂಗಿದೆ. ಒಳ್ಳೆಯ ಆ್ಯಪ್‌ಗಳು ಪ್ರತಿ ಪ್ರಶ್ನೆಗೆ ಹಿಡಿದ ಸಮಯವನ್ನು ತೋರಿಸುತ್ತವೆ. ಕಾಗದದ ಟೆಸ್ಟಿನಲ್ಲಿ ಸಿಗದ, ಆನ್‌ಲೈನ್‌ನಲ್ಲಿ ಮಾತ್ರ ಸಿಗುವ ನಿಜವಾದ ಅನುಕೂಲ ಇದು. ರ‍್ಯಾಂಕಿನ ಪುಟ ಬಿಟ್ಟು ಮೊದಲು ಈ ಪುಟ ತೆರೆಯಬೇಕು.

ಪಳಗುವ ಟೆಸ್ಟ್ ಎಂದಮೇಲೆ ಅದು ನಿಜವಾದ ಪರೀಕ್ಷೆಯನ್ನು ಹೋಲಬೇಕು. ಹೋಲುತ್ತಿಲ್ಲ ಎನ್ನುವುದನ್ನು ಬಹಳ ಜನ ಗಮನಿಸುವುದೇ ಇಲ್ಲ. ಜೆಇಇ ಮೇನ್ 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಕೈಯಲ್ಲಿ ಕಂಪ್ಯೂಟರ್ ಪರೀಕ್ಷೆಯಾಗಿ ನಡೆಯುತ್ತಿದೆ. ಅಲ್ಲಿ ಸಂಖ್ಯೆಯ ಉತ್ತರವನ್ನು ಕೀಬೋರ್ಡಿನಲ್ಲಿ ಒತ್ತುವಂತಿಲ್ಲ, ಪರದೆಯ ಮೇಲಿನ ಅಂಕೆಗಳನ್ನು ಮೌಸಿನಿಂದ ಕ್ಲಿಕ್ಕಿಸಬೇಕು. ಉತ್ತರಿಸಿ, ‘ಮತ್ತೆ ನೋಡಬೇಕು’ ಎಂದು ಗುರುತಿಸಿದ ಪ್ರಶ್ನೆಯೂ ಮೌಲ್ಯಮಾಪನಕ್ಕೆ ಹೋಗುತ್ತದೆ. ಇಂಥ ಸಣ್ಣ ಸಂಗತಿಗಳನ್ನು ಸಂಸ್ಥೆಯದೇ ಉಚಿತ ಮಾಕ್‌ನಲ್ಲಿ ಒಮ್ಮೆ ಮಾಡಿ ನೋಡಿದರೆ ಪರೀಕ್ಷೆಯ ದಿನ ಗಾಬರಿಯಿಲ್ಲ. ಫೋನಿನಲ್ಲೇ ಎಲ್ಲ ಟೆಸ್ಟ್ ಬರೆದು ಅಭ್ಯಾಸವಾದ ಹಳ್ಳಿಯ ಹುಡುಗಿಗೆ ಮೌಸೇ ಮೊದಲ ಪ್ರಶ್ನೆಯಾಗಿಬಿಡಬಾರದು. ಪರೀಕ್ಷೆಗೆ ಮುಂಚೆ ಒಂದೆರಡು ಸಲವಾದರೂ ಸೈಬರ್ ಸೆಂಟರಿನಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಕೂರಬೇಕು. ಇದರ ಉಲ್ಟಾ ಸಿಇಟಿ, ನೀಟ್ ಮತ್ತು ಕೆಎಎಸ್‌ದು. ಅವು ಇನ್ನೂ ಕಾಗದದ ಮೇಲೆ, ಒಎಂಆರ್ ಹಾಳೆಯಲ್ಲಿ ನಡೆಯುತ್ತ ಬಂದಿರುವ ಪರೀಕ್ಷೆಗಳು. ಪರದೆಯ ಮೇಲೆ ಒಂದು ಟ್ಯಾಪ್ ಸಾಕು, ಅಲ್ಲಿ ಬಾಲ್‌ಪೆನ್ನಿನಿಂದ ವೃತ್ತ ತುಂಬಬೇಕು, ತುಂಬಿದ್ದನ್ನು ಅಳಿಸುವಂತಿಲ್ಲ, ಒಂದು ಸಾಲು ತಪ್ಪಿದರೆ ಮುಂದಿನದೆಲ್ಲ ತಪ್ಪು. ನೂರೆಂಬತ್ತು ವೃತ್ತ ತುಂಬುವುದಕ್ಕೇ ಸಾಕಷ್ಟು ನಿಮಿಷ ಬೇಕು, ಆ ನಿಮಿಷಗಳು ಆ್ಯಪ್‌ನ ಗಡಿಯಾರದಲ್ಲಿಲ್ಲ. ಖಾಲಿ ಒಎಂಆರ್ ಹಾಳೆ ಮುದ್ರಿಸಿ ಇಟ್ಟುಕೊಂಡು, ಪ್ರಶ್ನೆ ಪರದೆಯಲ್ಲಿ, ಉತ್ತರ ಹಾಳೆಯಲ್ಲಿ ಎಂದು ಅಭ್ಯಾಸ ಮಾಡುವುದು ಅಗ್ಗದ ಉಪಾಯ.

ಇನ್ನು ಪ್ರಶ್ನೆಗಳ ಗುಣಮಟ್ಟ. ಈ ವ್ಯಾಪಾರದ ದೊಡ್ಡ ಗುಟ್ಟು ಇಲ್ಲಿದೆ. ಮಾಕ್ ಟೆಸ್ಟನ್ನು ನಿಜವಾದ ಪರೀಕ್ಷೆಗಿಂತ ಕಠಿಣ ಮಾಡಿದರೆ ‘ಸ್ಟ್ಯಾಂಡರ್ಡ್’ ಎಂಬ ಹೆಸರು ಬರುತ್ತದೆ, ಸುಲಭ ಮಾಡಿದರೆ ಕೊಂಡವರು ಖುಷಿಯಾಗಿರುತ್ತಾರೆ; ಸರಿಸಮವಾಗಿ ಮಾಡುವುದು ಮಾತ್ರ ಕಷ್ಟ, ಅದಕ್ಕೆ ಬೆಲೆಯೂ ಸಿಗುವುದಿಲ್ಲ. ಹಾಗಾಗಿ ಮಾಕ್‌ನ ಅಂಕವನ್ನು ಕಳೆದ ವರ್ಷದ ಕಟ್‌ಆಫ್ ಪಕ್ಕದಲ್ಲಿಟ್ಟು ಹಿಗ್ಗುವುದೂ ಕುಗ್ಗುವುದೂ ಎರಡೂ ವ್ಯರ್ಥ. ಅಲ್ಲಿ ಕೊಡುವ ರ‍್ಯಾಂಕು ಆ ಆ್ಯಪ್‌ಗೆ ದುಡ್ಡು ಕೊಟ್ಟು, ಆ ವಾರ ಆ ಟೆಸ್ಟ್ ಬರೆದವರ ನಡುವಿನ ರ‍್ಯಾಂಕು. ಅವರಲ್ಲಿ ಒಂದೇ ಟೆಸ್ಟನ್ನು ಎರಡನೇ ಸಲ ಬರೆದವರೂ, ಪುಸ್ತಕ ತೆರೆದಿಟ್ಟು ಬರೆದವರೂ ಇರುತ್ತಾರೆ. ಹಳೆಯ ಪಠ್ಯದ ಪ್ರಶ್ನೆಗಳೂ ಬ್ಯಾಂಕಿನಲ್ಲಿ ಉಳಿದಿರುತ್ತವೆ. ಕೈಬಿಟ್ಟ ಪಠ್ಯಭಾಗದ ಪ್ರಶ್ನೆಗಳು 2024ರ ಸಿಇಟಿಗೇ ನುಗ್ಗಿ, ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಹೊರಗಿಡಬೇಕಾಯಿತು. ಸರ್ಕಾರದ ಪರೀಕ್ಷೆಯ ಗತಿಯೇ ಹೀಗಾದರೆ ಖಾಸಗಿ ಪ್ರಶ್ನೆಬ್ಯಾಂಕನ್ನು ಯಾರು ಗುಡಿಸುತ್ತಾರೆ?

ಆದ್ದರಿಂದ ಅಳೆಯುವ ಕೆಲಸಕ್ಕೆ ಹಿಂದಿನ ವರ್ಷಗಳ ಅಸಲಿ ಪ್ರಶ್ನೆಪತ್ರಿಕೆಗಳಿಗೆ ಸಾಟಿಯಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಕೆಪಿಎಸ್‌ಸಿ ಎರಡೂ ತಮ್ಮ ಪತ್ರಿಕೆ ಮತ್ತು ಕೀ ಉತ್ತರಗಳನ್ನು ಪ್ರಕಟಿಸುತ್ತ ಬಂದಿವೆ. ಅವನ್ನು ಮೊದಲೇ ಬಿಡಿಬಿಡಿಯಾಗಿ ತಿಂದು ಮುಗಿಸದೆ, ಇತ್ತೀಚಿನ ಎರಡು ಮೂರನ್ನಾದರೂ ಮುಟ್ಟದೆ ಕೊನೆಯ ತಿಂಗಳಿಗೆ ಎತ್ತಿಡಬೇಕು. ಎಷ್ಟೋ ಜನ ವಿಷಯವಾರು ಪುಸ್ತಕದಲ್ಲಿ ಅವನ್ನೆಲ್ಲ ಬಿಡಿಸಿಬಿಟ್ಟಿರುತ್ತಾರೆ. ಆಮೇಲೆ ಪೂರ್ಣ ಪತ್ರಿಕೆಯಾಗಿ ಬರೆದಾಗ ಬರುವ 140 ಅಂಕ ಜ್ಞಾನದ್ದೋ ಗುರುತಿನದ್ದೋ ತಿಳಿಯುವುದಿಲ್ಲ.

ಕನ್ನಡ ಮಾಧ್ಯಮದವರ ಕಷ್ಟ ಬೇರೆಯದೇ. ನೀಟ್, ಜೆಇಇ ಮೇನ್ ಕನ್ನಡದಲ್ಲಿ ಬರೆಯಬಹುದು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೂ, ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆಗೂ ಕನ್ನಡ ಬಂದಿದೆ. ಮಾಕ್ ಟೆಸ್ಟುಗಳಲ್ಲಿ ಮಾತ್ರ ಕನ್ನಡ ಎಂದರೆ ಹೆಚ್ಚಿನ ಕಡೆ ಯಂತ್ರ ತಿರುವಿದ ಇಂಗ್ಲಿಷ್. ಪಠ್ಯಪುಸ್ತಕದಲ್ಲಿ ‘ವೇಗೋತ್ಕರ್ಷ’ ಎಂದು ಓದಿದವರ ಮುಂದೆ ಇನ್ನೇನೋ ಪದ ಬಂದು ನಿಲ್ಲುತ್ತದೆ. ‘ಹೊರತುಪಡಿಸಿ’ ಎಂಬುದು ವಾಕ್ಯದ ಯಾವ ಮೂಲೆಯಲ್ಲಿದೆ ಎಂದು ಹುಡುಕುವಷ್ಟರಲ್ಲಿ ನಿಮಿಷ ಮುಗಿದಿರುತ್ತದೆ. ಇಂಥ ಟೆಸ್ಟಿನಲ್ಲಿ ಬಂದ ಕಡಿಮೆ ಅಂಕ ಓದಿದವರದ್ದಲ್ಲ, ಅನುವಾದದ್ದು. ದುರದೃಷ್ಟವೆಂದರೆ ಅಸಲಿ ಪರೀಕ್ಷೆಯೂ ಇದರಿಂದ ಮುಕ್ತವಲ್ಲ. 2024ರ ಆಗಸ್ಟ್ 27ರ ಕೆಎಎಸ್ ಪ್ರಿಲಿಮ್ಸ್ ಕನ್ನಡ ಅನುವಾದದ ಅಧ್ವಾನದಿಂದಲೇ ರದ್ದಿನ ಹಾದಿ ಹಿಡಿದು ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಅದೇ ದೂರು ಎದ್ದಿತು. ಹಾಗಾಗಿ ಕನ್ನಡದಲ್ಲಿ ಬರೆಯುವವರೂ ಪಕ್ಕದ ಇಂಗ್ಲಿಷ್ ವಾಕ್ಯದ ಮೇಲೆ ಕಣ್ಣಾಡಿಸುವುದನ್ನು ಮಾಕ್‌ನಲ್ಲೇ ರೂಢಿ ಮಾಡಿಕೊಳ್ಳಬೇಕಾಗಿದೆ. ನೀಟ್‌ನಲ್ಲಂತೂ ಗೊಂದಲವಾದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ ಎಂದು ನಿಯಮವಿದೆ. ತನ್ನ ಭಾಷೆಯಲ್ಲಿ ಪರೀಕ್ಷೆ ಬರೆಯುವವರಿಗೆ ಈ ಸಲಹೆ ಕೊಡಬೇಕಾಗಿರುವುದು ನಾಚಿಕೆಗೇಡು, ಆದರೆ ಸದ್ಯಕ್ಕೆ ಅದೇ ವಿವೇಕ.

ಮೇನ್ಸ್‌ಗೆ ಈ ಮಾತುಗಳಲ್ಲಿ ಹೆಚ್ಚಿನವು ಸಲ್ಲುವುದಿಲ್ಲ. ಪ್ರಬಂಧ, ವಿವರಣಾತ್ಮಕ ಉತ್ತರ, ಸಾರಾಂಶ, ಪತ್ರಲೇಖನ ಇವುಗಳಿಗೆ ಆಯ್ಕೆ ಪ್ರಶ್ನೆಯ ಸಾವಿರ ಟೆಸ್ಟೂ ಬೆರಳಿಗೆ ಬಲ ಕೊಡದು. ಅಲ್ಲಿ ಬೇಕಿರುವುದು ಪೆನ್ನು, ಗಡಿಯಾರ, ಮತ್ತು ಮುಲಾಜಿಲ್ಲದೆ ತಿದ್ದುವ ಒಬ್ಬ ಓದುಗ. ಪ್ರಿಲಿಮ್ಸ್‌ನ ಮಾಕ್‌ಗಳಲ್ಲೇ ವರ್ಷ ಕಳೆದು, ಪಾಸಾದ ಮೇಲೆ ಬರೆಯಲು ಕೂತವರ ಕೈ ನಡುಗುವುದು ಇದಕ್ಕೇ.

ಇಷ್ಟೆಲ್ಲ ಹೊಣೆಯನ್ನು ಓದುವ ಮಕ್ಕಳ ಮೇಲೇ ಹೊರಿಸುವುದೂ ಪೂರ್ತಿ ನ್ಯಾಯವಲ್ಲ. ಒಂದು ಪ್ರಶ್ನೆ ನಿಜಕ್ಕೂ ಎಷ್ಟು ಕಷ್ಟದ್ದು, ಎಷ್ಟು ಜನ ಯಾವ ತಪ್ಪು ಆಯ್ಕೆಗೆ ಬಲಿಬಿದ್ದರು ಎಂಬ ಮಾಹಿತಿ ಇರುವುದು ಪರೀಕ್ಷೆ ನಡೆಸಿದವರ ಬಳಿ. ಸಿಇಟಿಯನ್ನು ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುತ್ತಾರೆ, ಅವರ ಒಎಂಆರ್ ಹಾಳೆಗಳೆಲ್ಲ ಸ್ಕ್ಯಾನ್ ಆಗುತ್ತವೆ. ಯಾರ ಹೆಸರೂ ಇಲ್ಲದೆ, ಪ್ರಶ್ನೆವಾರು ಶೇಕಡಾ ಎಷ್ಟು ಜನ ಯಾವ ಆಯ್ಕೆ ಆರಿಸಿದರು ಎಂಬ ಒಂದು ಪಟ್ಟಿಯನ್ನು ಕೀ ಉತ್ತರದ ಜೊತೆಗೆ ಹಾಕಲು ಪ್ರಾಧಿಕಾರಕ್ಕೆ ಬೇಕಿರುವುದು ಮನಸ್ಸು ಮಾತ್ರ. ಆ ಪಟ್ಟಿ, ಜೊತೆಗೆ ಪಠ್ಯಪುಸ್ತಕದ ಪರಿಭಾಷೆಯಲ್ಲೇ ಬರೆದ ಕನ್ನಡ ಪ್ರಶ್ನೆಗಳು, ಉಚಿತವಾಗಿ ಸಿಕ್ಕರೆ ರಾಯಚೂರಿನ ಸರ್ಕಾರಿ ಕಾಲೇಜಿನ ಉಪನ್ಯಾಸಕಿಯೊಬ್ಬರು ತಮ್ಮ ಮಕ್ಕಳಿಗೆ ತಾವೇ ಒಂದು ಮಾಕ್ ಕಟ್ಟಬಲ್ಲರು. ಐದು ಸಾವಿರ ರೂಪಾಯಿಯ ಪ್ಯಾಕೇಜಿಗಿಂತ ಅದು ನಿಜದ ಪರೀಕ್ಷೆಗೆ ಹತ್ತಿರ ಇರುತ್ತದೆ.